ಮೊದಲ ಸಲ ಹೋಗುವವರಿಗೆ

"ಅನ್ನದ ಬಟ್ಟಲಲ್ಲಿ ಊಟದ ಕಡ್ಡಿ ನೆಟ್ಟಗೆ ಚುಚ್ಚಿ ಇಡಬಾರದು ಸಾರ್. ಮರೆತೂ ಇಡಬಾರದು. ಅದು ಸತ್ತವರ ಊಟ," ಎಂದು ತ್ವಾನ್ ಎರಡು ವೆಲ್ಡಿಂಗ್ ರಾಡುಗಳನ್ನು ಚಹಾದ ಕಾಗದದ ಲೋಟದಲ್ಲಿ ನಿಲ್ಲಿಸಿ ತೋರಿಸಿದ. ತೋರಿಸಿದವನೇ ಬೆಚ್ಚಿದವನಂತೆ ತಕ್ಷಣ ತೆಗೆದು, ಲೋಟದ ಮೇಲೆ ಅಡ್ಡ ಮಲಗಿಸಿದ. "ಹೀಗೆ. ಮಲಗಿಸಿಡಬೇಕು. ಬರೆದುಕೊಳ್ಳಿ."

ರಾಜಗೋಪಾಲ ಬರೆದುಕೊಂಡ. ಬರೆದುಕೊಳ್ಳದೆ ಮನೆಗೆ ಹೋಗುವ ಹಾಗಿರಲಿಲ್ಲ. ಬಾಗಿಲು ತೆಗೆದ ಕೂಡಲೇ ಹೆಂಡತಿ ನೀರಜಾ, "ಇವತ್ತು ಏನು ಹೇಳಿದ?" ಎಂದು ಕೈಯೊಡ್ಡುತ್ತಿದ್ದಳು. ಕಚ್ಚಾ ಎಣ್ಣೆಯ ಬೆಲೆ ಇವತ್ತಲ್ಲ ನಾಳೆ ಏರುತ್ತದೆ ಎಂದು ಎಲ್ಲರೂ ನಂಬಿಕೊಂಡಿದ್ದ ಹೋದ ವರ್ಷ, ವಿಯೆಟ್ನಾಮಿಗೆ ನಾಲ್ಕು ಟಿಕೆಟ್ ತೆಗೆದಿಟ್ಟಿದ್ದರು. ಬೆಲೆ ಏರಲಿಲ್ಲ, ಮೂವತ್ತು ಡಾಲರಿಗೆ ಬಂದು ಕೂತಿತು. ಟಿಕೆಟ್ಟು ಮಾತ್ರ ವಾಪಸು ತೆಗೆದುಕೊಳ್ಳದ ಜಾತಿಯದು. ಮಗಳು ದಿಶಾಳ ವರ್ಷದ ಪರೀಕ್ಷೆ ಮುಗಿದಿತ್ತು. ಬರುವ ಶುಕ್ರವಾರ ಮಸ್ಕತ್ತಿನಿಂದ ಹೊರಡುವುದು.

ಸೊಹಾರ್ ಬಂದರಿನ ಹಿಂದಿನ ಆ ಫ್ಯಾಬ್ರಿಕೇಶನ್ ಯಾರ್ಡಿಗೆ ರಾಜಗೋಪಾಲ ಮ್ಯಾನೇಜರ್. ಕೈಕೆಳಗೆ ಇಬ್ಬರು ವೆಲ್ಡಿಂಗ್ ಫೋರ್‌ಮನ್‌ಗಳು. ಒಬ್ಬ ಕಾರ್ಕಳದ ಕಡೆಯ ಗುರುವ, ಇನ್ನೊಬ್ಬ ವಿಯೆಟ್ನಾಮಿನ ಈ ತ್ವಾನ್. ತ್ವಾನ್‌ನ ಊರಿನವರು ಹನ್ನೊಂದು ಜನ ಅವನ ಜೊತೆ ಬಂದವರು, ಪೈಪ್‌ಲೈನಿನ ಕೆಲಸ ಮುಗಿದ ಮೇಲೆ ವಾಪಸು ಹೋಗಿದ್ದರು. ಇವನೊಬ್ಬ ಆರು ವರ್ಷದಿಂದ ಉಳಿದಿದ್ದ. ಅವನ ಭಾಷೆ ಹಿಂದಿ, ಇಂಗ್ಲಿಷ್, ಅರಬಿ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ದು. ಅವನ ಕೈಕೆಳಗಿನ ಪಾಟ್ನಾದ ಹುಡುಗರು ಕೇಳಿ ಕೇಳಿ ನಗುತ್ತಿದ್ದರು. ಆದರೆ ಅವನು ಹೇಳಿದ್ದು ತಿಳಿಯಲಿಲ್ಲ ಎಂದವರು ಯಾರೂ ಇರಲಿಲ್ಲ.

"ರಸ್ತೆ ದಾಟುವುದು ಹೇಳಿ ನೋಡೋಣ," ತ್ವಾನ್ ಪರೀಕ್ಷೆ ಮಾಡುವವನಂತೆ ಕೇಳಿದ.

"ಓಡಬಾರದು, ನಿಲ್ಲಬಾರದು. ಒಂದೇ ಸಮ ಮೆಲ್ಲಗೆ ನಡೀತಾ ಇರಬೇಕು. ಸ್ಕೂಟರಿನವರು ತಾವೇ ಸುತ್ತಿಕೊಂಡು ಹೋಗ್ತಾರೆ."

"ನಡುವೆ ಹೆದರಿ ನಿಂತರೆ?"

"ಗುದ್ದುತ್ತಾರೆ."

"ಪಾಸ್!" ತ್ವಾನ್ ತೊಡೆ ತಟ್ಟಿಕೊಂಡು ನಕ್ಕ.

ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಗುರುವ ಬಂದ. "ಎಂತ ಸರ್, ಟ್ಯೂಷನ್ ಇನ್ನೂ ಮುಗೀಲಿಲ್ವಾ? ಹದಿನೈದು ದಿನ ಆಯ್ತು. ಇವನ ಮಾತು ಕೇಳಿ ಕೇಳಿ ನನಗೂ ಒಮ್ಮೆ ಹೋಗಿ ಬರುವಾ ಅಂತ ಆಗ್ತದೆ." ತ್ವಾನ್‌ನ ಭುಜಕ್ಕೆ ಒಂದು ಗುದ್ದು ಕೊಟ್ಟು ಹಿಂದಿಯಲ್ಲಿ, "ಫೀಸು ತಗೋ ಮಾರಾಯ, ಬಿಡಬೇಡ," ಎಂದ.

ಇಬ್ಬರೂ ನಕ್ಕರು. ಇಬ್ಬರ ನಡುವೆ ಕೂತಿದ್ದ ರಾಜಗೋಪಾಲನಿಗೆ ನಗು ಬರಲಿಲ್ಲ. ಚಹಾ ಮುಗಿದಿದ್ದರೂ ಲೋಟವನ್ನು ಬಾಯಿಗೆ ಹಿಡಿದುಕೊಂಡ.

ಹಿಂದಿನ ದಿನ ಭಾನುವಾರ, ವಾರದ ಮೊದಲ ಕೆಲಸದ ದಿನ, ಎಚ್.ಆರ್.ನ ಎಲಿಯಾಸ್ ಒಂದು ಫಾರ್ಮು ತಂದು ಮೇಜಿನ ಮೇಲಿಟ್ಟಿದ್ದ. ಇಬ್ಬರು ಫೋರ್‌ಮನ್‌ಗಳಲ್ಲಿ ಒಬ್ಬ ಸಾಕು ಎಂದು ಮಸ್ಕತ್ತಿನ ಹೆಡ್ ಆಫೀಸಿನವರು ತೀರ್ಮಾನಿಸಿದ್ದರು. ಯಾರನ್ನು ತೆಗೆಯುವುದು ಎನ್ನುವುದನ್ನು ಮ್ಯಾನೇಜರ್ ಬರೆಯಬೇಕು. ಹೆಸರು, ಕಾರಣ, ಸಹಿ. ಬರುವ ಭಾನುವಾರ ಕಾಗದ ಕೈಗೆ ಕೊಡುವುದು.

ಕೆಲಸ ನೋಡಿ ಬರೆಯುವುದಾದರೆ ಯೋಚಿಸಬೇಕಾದ್ದೇ ಇರಲಿಲ್ಲ. ಎಕ್ಸ್-ರೇ ತೆಗೆದಾಗ ತ್ವಾನ್ ಹಾಕಿದ ಬೆಸುಗೆಯಲ್ಲಿ ಒಂದು ಸಣ್ಣ ಗುಳ್ಳೆಯೂ ಕಂಡದ್ದಿಲ್ಲ. ಗುರುವನದನ್ನು ಆಗೀಗ ಕೊರೆದು ತೆಗೆದು ಮತ್ತೆ ಹಾಕಿಸಬೇಕಾಗುತ್ತಿತ್ತು. ಆದರೆ ಗುರುವ ಇರುವುದು ರಾಜಗೋಪಾಲನ ಕಟ್ಟಡದಲ್ಲೇ, ಒಂದು ಮಹಡಿ ಕೆಳಗೆ. ಅವನ ಮಗಳು ಸುಪ್ರೀತಾ ದಿಶಾಳ ಜೊತೆ ಒಂದೇ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾಳೆ. ಅವನ ಹೆಂಡತಿ ದಮಯಂತಿ ವಾರಕ್ಕೆರಡು ಸಲ ಮೇಲೆ ಬಂದು ರಾಜಗೋಪಾಲನ ತಾಯಿ ಅಂಬುಜಮ್ಮನ ಮಂಡಿಗೆ ಎಣ್ಣೆ ತಿಕ್ಕಿ ಹೋಗುತ್ತಾಳೆ. ಅವನ ಹೆಸರು ಬರೆದರೆ ದಿನಾ ಮೆಟ್ಟಿಲಲ್ಲಿ ಅವರ ಮುಖ ನೋಡಬೇಕು. ತ್ವಾನ್ ಇರುವುದು ಹತ್ತು ಕಿಲೋಮೀಟರ್ ಆಚೆ, ಕಂಪನಿಯ ಕ್ಯಾಂಪಿನಲ್ಲಿ. ಅವನು ವಿಮಾನ ಹತ್ತಿದರೆ ಮುಗಿಯಿತು, ಮತ್ತೆ ಎಲ್ಲೂ ಎದುರಿಗೆ ಸಿಗುವುದಿಲ್ಲ.

ರಾಜಗೋಪಾಲ ತ್ವಾನ್‌ನ ಹೆಸರು ಬರೆದ. ಹೆಸರು ಬರೆಯಲು ಒಂದು ನಿಮಿಷ ಹಿಡಿಯಲಿಲ್ಲ. ಕಾರಣದ ಜಾಗದಲ್ಲಿ ಪೆನ್ನು ನಿಂತಿತು. ಕೆಲಸ ಸಾಲದು ಎಂದರೆ ಎಕ್ಸ್-ರೇ ಫಿಲ್ಮುಗಳೇ ಎದ್ದು ಕೂಗುತ್ತವೆ. ರಜೆ ಜಾಸ್ತಿ ಎನ್ನೋಣವೆಂದರೆ, ಜನವರಿಯಲ್ಲಿ ಅವನು ಕೇಳಿದ ಒಂದೇ ಒಂದು ರಜೆಯನ್ನು ರಾಜಗೋಪಾಲನೇ ಕೊಟ್ಟಿರಲಿಲ್ಲ. ಕೊನೆಗೆ ಯಾರೂ ತೂಗಿ ನೋಡಲಾಗದ ಒಂದು ಕಾರಣ ಹೊಳೆಯಿತು. 'ಭಾಷೆಯ ತೊಂದರೆ. ಕೆಲಸಗಾರರೊಂದಿಗೆ ಮಾತುಕತೆ ಸಾಲದು' ಎಂದು ಬರೆದು ಸಹಿ ಹಾಕಿದ.

"ಭಾನುವಾರ ನೀವು ಇರುದಿಲ್ಲ ಅಲ್ವಾ? ಕಾಗದ ನಾನೇ ಕೊಡ್ತೇನೆ ಬಿಡಿ," ಎಂದು ಎಲಿಯಾಸ್ ಫಾರ್ಮನ್ನು ಮಡಚಿಕೊಂಡಾಗ ರಾಜಗೋಪಾಲನಿಗೆ ಹಾಯೆನಿಸಿತು. ಇನ್ನು ತ್ವಾನ್‌ನ ಜೊತೆ ಚಹಾ ಕುಡಿಯುವುದನ್ನು ಬಿಡಬೇಕು ಅಂದುಕೊಂಡ. ಒಮ್ಮೆಲೇ ಬಿಟ್ಟರೆ ಅವನಿಗೆ ಅನುಮಾನ ಬರುತ್ತದೆ ಎಂದೂ ಅಂದುಕೊಂಡ. ಹಾಗಾಗಿ ಸೋಮವಾರವೂ ಅದೇ ಹೊತ್ತಿಗೆ ಅದೇ ಬೆಂಚಿಗೆ ಬಂದು ಕೂತು, ಡೈರಿ ತೆಗೆದು, ಅವನು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದ.

ಮಂಗಳವಾರ ಸಂಜೆ ಮನೆಗೆ ಬಂದಾಗ ದಮಯಂತಿ ಅಂಬುಜಮ್ಮನ ಕಾಲ ಬಳಿ ಕೂತು ಎಣ್ಣೆ ತಿಕ್ಕುತ್ತಿದ್ದಳು. ನೀರಜಾ ಫೋನಿನಲ್ಲಿ ಕನ್ನಡದಲ್ಲೇ ಟೈಪು ಮಾಡಿಟ್ಟದ್ದನ್ನು ಓದಿ ಹೇಳುತ್ತಿದ್ದಳು. ಅದಕ್ಕೆ 'ಮೊದಲ ಸಲ ವಿಯೆಟ್ನಾಮಿಗೆ ಹೋಗುವವರಿಗೆ' ಎಂದು ಹೆಸರೂ ಇಟ್ಟಾಗಿತ್ತು.

"ಮಕ್ಕಳನ್ನ ಕಂಡರೆ ಎಷ್ಟು ಮುದ್ದಾಗಿದೆ ಅನ್ನಬಾರದಂತೆ ಅತ್ತೆ. ದೃಷ್ಟಿ ಆಗತ್ತೆ ಅಂತ ಹೆದರ್ತಾರಂತೆ. ಏನು ಕುರೂಪಿ ಮಗು ಅಂದ್ರೆ ತಾಯಿಗೆ ಖುಷಿಯಂತೆ."

"ಸರಿಯಾಗೇ ಇದೆಯಲ್ಲೇ. ಮುಂದೆ ಓದು."

"ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಹೋಗಿ, ಚೌಕಾಸಿ ಮಾಡಿ, ಏನೂ ಕೊಳ್ಳದೆ ಬರಬಾರದು. ಅವರಿಗೆ ಇಡೀ ದಿನದ ವ್ಯಾಪಾರ ಕೆಡತ್ತೆ ಅಂತ ನಂಬಿಕೆ."

"ಬೋಣಿ ಕಣೇ ಅದು!" ಅಂಬುಜಮ್ಮ ಮಂಡಿಯನ್ನೇ ಎಳೆದುಕೊಂಡು ಎದ್ದು ಕೂತರು. "ಬೋಣಿ ನೋಡೋ ಜನ ಅಂದ್ಮೇಲೆ ನನಗೆ ಭಯ ಇಲ್ಲ ಬಿಡು. ಊಟದ್ದು ಮಾತ್ರ ಹೇಳು."

"ಮೀನಿನ ರಸ ಎಲ್ಲದಕ್ಕೂ ಹಾಕ್ತಾರಂತೆ, ಸೊಪ್ಪಿನ ಪಲ್ಯಕ್ಕೂ. ಅದಕ್ಕೆ ಮೊದಲೇ 'ಆನ್ ಚಾಯ್' ಅಂತ ಹೇಳಿಬಿಡಬೇಕು. ಅಂದ್ರೆ ಸಸ್ಯಾಹಾರ. ಹುಣ್ಣಿಮೆ, ಅಮಾವಾಸ್ಯೆ ಮಾರನೇ ದಿನ ಅಲ್ಲೂ ಎಷ್ಟೋ ಜನ ಸಸ್ಯಾಹಾರ ಮಾಡ್ತಾರಂತೆ."

"ಆನ್ ಚಾಯ್, ಆನ್ ಚಾಯ್," ಅಂಬುಜಮ್ಮ ಜಪದಂತೆ ಹೇಳಿಕೊಂಡರು.

"ಅಜ್ಜಿ, ಯು ಸೌಂಡ್ ಲೈಕ್ ಎ ಲೋಕಲ್," ಎಂದಳು ದಿಶಾ, ಪುಸ್ತಕದಿಂದ ತಲೆಯೆತ್ತದೆ.

"ಇದನ್ನೆಲ್ಲ ಹೇಳಿದ್ದು ಯಾರು ಅಕ್ಕ?" ದಮಯಂತಿ ಕೇಳಿದಳು. "ಒಳ್ಳೆ ಮೇಷ್ಟ್ರು ಪಾಠ ಮಾಡಿದ ಹಾಗೆ ಉಂಟು."

"ನಿಮ್ಮ ಯಜಮಾನರ ಜೊತೆಯವನೇ, ತ್ವಾನ್."

"ಓ, ನಮ್ಮ ತ್ವಾನಾ! ಮನೆಗೆ ಬಂದ್ರೆ ಎದ್ದು ಹೋಗುದೇ ಇಲ್ಲ ಅವ. ಸುಪ್ರೀತಾನ ಹತ್ರ ತುಳು ಕಲೀಲಿಕ್ಕೆ ಹೊರಟಿದ್ದ. 'ಉಣಸ್ ಆಂಡಾ' ಅಂತ ಕೇಳ್ತಾನೆ, ಊಟ ಆಯ್ತಾ ಅಂತ." ದಮಯಂತಿ ನಕ್ಕಳು. ನಕ್ಕವಳು ರಾಜಗೋಪಾಲನ ಕಡೆ ತಿರುಗಿ ದನಿ ತಗ್ಗಿಸಿದಳು. "ಅಣ್ಣಾ, ಒಂದು ಕೇಳ್ಲಾ? ಲಿಸ್ಟಲ್ಲಿ ಇವರ ಹೆಸರು ಉಂಟಾ? ಒಂದು ತಿಂಗಳಿಂದ ಇವರಿಗೆ ನಿದ್ರೆ ಇಲ್ಲ. ಹೇಳ್ಬಾರ್ದು ಅಂತಾದ್ರೆ ಬೇಡ."

ಹೇಳಬಾರದು ಎಂದೇ ಇತ್ತು. "ಗುರುವನ ಚಿಂತೆ ಬಿಡಮ್ಮ," ಎಂದುಬಿಟ್ಟ ರಾಜಗೋಪಾಲ.

ದಮಯಂತಿ ಎಣ್ಣೆಯ ಕೈಯನ್ನು ಎತ್ತಿ ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಮತ್ತೆ ಅಂಬುಜಮ್ಮನ ಮಂಡಿಯನ್ನು ಎರಡು ಪಟ್ಟು ಭಕ್ತಿಯಿಂದ ತಿಕ್ಕತೊಡಗಿದಳು.

ಅವಳು ಇಳಿದು ಹೋದ ಮೇಲೆ ಅಡಿಗೆಮನೆಯಲ್ಲಿ ನೀರಜಾ ಕೇಳಿದಳು. "ಗುರುವ ಅಲ್ಲ ಅಂದ್ರೆ ಇನ್ಯಾರು? ಇರೋರು ಇಬ್ಬರೇ ತಾನೆ."

ರಾಜಗೋಪಾಲ ನೀರು ಕುಡಿದ. ಮತ್ತೊಂದು ಲೋಟ ತುಂಬಿಸಿಕೊಂಡ.

"ಗೊತ್ತಾ ಅವನಿಗೆ?"

"ಇಲ್ಲ."

ನೀರಜಾ ಫೋನನ್ನು ಕೈಗೆತ್ತಿಕೊಂಡಳು. "ಕನ್ನಡ ಸಂಘದ ವಾಟ್ಸಾಪ್ ಗ್ರೂಪಿಗೆ ಇದನ್ನ ಹಾಕ್ತೀನಿ ಅಂತ ಮಾತು ಕೊಟ್ಟಿದ್ದೆ. ಕೆಳಗೆ ಅವನ ಹೆಸರು ಬರೀಲಾ? ಹೇಳಿದವನು ಅವನಲ್ವಾ?"

ತ್ವಾನ್ ಇಷ್ಟೆಲ್ಲ ಹೇಳಿದ ಎಂದು ಊರಿಗೇ ಗೊತ್ತಾದರೆ ಫಾರ್ಮಿನಲ್ಲಿ ಬರೆದ ಕಾರಣ ನಿಲ್ಲುವುದಿಲ್ಲ, ಎಲಿಯಾಸನ ಹೆಂಡತಿಯೂ ಆ ಗ್ರೂಪಿನಲ್ಲಿ ಇದ್ದಾಳೆ. "ಬೇಡ," ಎಂದ ರಾಜಗೋಪಾಲ.

ಅವಳು ಹೆಸರಿಲ್ಲದೆಯೇ ಕಳಿಸಿದಳು. ಎಷ್ಟು ಚೆನ್ನಾಗಿ ಬರೆದಿದ್ದೀರಿ ನೀರಜಾ, ಪುಸ್ತಕ ಮಾಡಿ ಎಂದು ಮೆಚ್ಚುಗೆ ಬರತೊಡಗಿತು. ಫೋನು ಠಣ್ ಠಣ್ ಎನ್ನುತ್ತಲೇ ಇತ್ತು. ಮೊದಲೆಲ್ಲ ಇಂಥದ್ದಕ್ಕೆ ಮುಖ ಅರಳಿಸುತ್ತಿದ್ದವಳು ಅದನ್ನು ಅಕ್ಕಿ ಡಬ್ಬದ ಹಿಂದೆ ಮಗುಚಿಟ್ಟು ಚಪಾತಿ ಲಟ್ಟಿಸಿದಳು.

ಬುಧವಾರ ಚಹಾದ ಹೊತ್ತಿಗೆ ತ್ವಾನ್ ಬೆಂಚಿನ ಮೇಲೆ ಇರಲಿಲ್ಲ. ಗೊತ್ತಾಗಿರಬೇಕು ಎಂದುಕೊಂಡ ರಾಜಗೋಪಾಲ. ಅಷ್ಟರಲ್ಲಿ ಅವನು ಲಾಕರ್ ಕೋಣೆಯಿಂದ ಒಂದು ದೊಡ್ಡ ರಟ್ಟಿನ ಪೊಟ್ಟಣವನ್ನು ಎತ್ತಿಕೊಂಡು ಬಂದ. ಆವತ್ತು ಬಟ್ಟೆ ಬದಲಿಸಿ, ತಲೆ ಬಾಚಿಕೊಂಡಿದ್ದ.

"ಸಾರ್, ಹನೋಯಿಂದ ಹ್ವೆಗೆ ರೈಲಿನಲ್ಲಿ ಅಲ್ಲವಾ ನೀವು ಹೋಗುವುದು? ಆ ರೈಲು ವಿನ್ ಊರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ನನ್ನ ಮನೆ ಅರ್ಧ ಗಂಟೆ. ತಮ್ಮ ಸ್ಟೇಷನ್ನಿಗೆ ಬರುತ್ತಾನೆ." ಅಷ್ಟು ಹೇಳಿ ಒಮ್ಮೆ ಉಸಿರು ತೆಗೆದುಕೊಂಡ. "ಈ ಹುಣ್ಣಿಮೆ ಕಳೆದು ಮೂರನೇ ದಿನ ನನ್ನ ಅಪ್ಪ ಸತ್ತ ದಿನ. ನಮ್ಮಲ್ಲಿ ಹುಟ್ಟಿದ ದಿನ ಯಾರಿಗೂ ನೆನಪಿರುವುದಿಲ್ಲ. ಸತ್ತ ದಿನ ಇಡೀ ಮನೆತನ ಸೇರುತ್ತದೆ. ದೊಡ್ಡ ಮಗ ನಾನು. ಆರು ವರ್ಷದಿಂದ ಹೋಗಿಲ್ಲ. ಜನವರಿಯಲ್ಲಿ ರಜೆ ಕೇಳಿದ್ದೆ, ಪ್ಲಾಂಟು ನಿಲ್ಲಿಸಿ ಮಾಡುವ ಶಟ್‌ಡೌನ್ ಕೆಲಸ ಇದೆ ಅಂದಿರಿ. ಸರಿ ಸಾರ್, ಈ ಕಾಲದಲ್ಲಿ ಕೆಲಸ ಇದೆ ಅಂದರೆ ಒಳ್ಳೆಯದೇ. ಆದರೆ ನೀವು ಆ ಸಮಯಕ್ಕೆ ಸರಿಯಾಗಿ ಅಲ್ಲೇ ಇರುತ್ತೀರಿ."

ರಾಜಗೋಪಾಲ ಡೈರಿಯನ್ನು ತೆರೆದು ಮುಚ್ಚಿದ.

"ಅಮ್ಮನಿಗೆ ಹೇಳಿದ್ದೇನೆ. ನಿಮ್ಮ ಅಮ್ಮನಿಗೆ ಅಂತ ಬೇರೆ ಒಲೆ, ಬೇರೆ ಪಾತ್ರೆ. ಬಾಳೆಹೂವಿನ ಕೋಸಂಬರಿ ಮಾಡುತ್ತಾಳೆ, ಮೀನಿನ ರಸ ಹಾಕದೆ. ಈಗ ಹೇಗೆ ಮಾಡಬೇಕು ಹೇಳುತ್ತೇನೆ, ಬರೆದುಕೊಳ್ಳಿ. ಬಾಗಿಲಲ್ಲಿ ಚಪ್ಪಲಿ ಬಿಡಿ. ಯಾರನ್ನೂ ಮಾತಾಡಿಸುವ ಮೊದಲು ಅಪ್ಪನ ಪಟದ ಹತ್ತಿರ ಹೋಗಿ. ಮೂರು ಊದಿನಕಡ್ಡಿ, ಮೂರು ಸಲ ತಲೆ ಬಗ್ಗಿಸಬೇಕು. ಆಮೇಲೆ ನೀವು ಯಾರು, ಎಲ್ಲಿಂದ ಬಂದಿರಿ ಅಂತ ಹೇಳಬೇಕು."

"ಯಾವ ಭಾಷೇಲಿ?"

"ನಿಮ್ಮ ಭಾಷೆಯಲ್ಲೇ ಹೇಳಿ ಸಾರ್. ಸತ್ತವರಿಗೆ ಎಲ್ಲ ಭಾಷೆಯೂ ಬರುತ್ತದೆ." ಅವನು ತಾನೇ ಮೆಲ್ಲಗೆ ನಕ್ಕ. "ನನ್ನ ಹೆಸರೂ ಹೇಳಿ. ತ್ವಾನ್ ಬರಲಾಗಲಿಲ್ಲ, ಅವನ ಬದಲು ನಾನು ಬಂದಿದ್ದೇನೆ. ಅವನ ಕೆಲಸ ಚೆನ್ನಾಗಿ ನಡೆದಿದೆ, ಚಿಂತೆ ಮಾಡಬೇಡಿ. ಅಷ್ಟು ಹೇಳಿದರೆ ಸಾಕು."

ಪೊಟ್ಟಣದಲ್ಲಿ ತಾಯಿಗೆ ಖರ್ಜೂರ ಇತ್ತು, ಹಲ್ವ ಇತ್ತು, ಒಂದು ಉಣ್ಣೆಯ ಶಾಲು ಇತ್ತು. ಎಲ್ಲಕ್ಕಿಂತ ಮೇಲೆ ಅಪ್ಪನ ಪಟದ ಮುಂದೆ ಹೊಗೆ ಹಾಕಲು ಸಲಾಲಾದ ಲೋಬಾನದ ಒಂದು ತಗಡಿನ ಡಬ್ಬಿ. ತ್ವಾನ್ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ರಾಜಗೋಪಾಲ ಅಭ್ಯಾಸಬಲದಿಂದ ಒಂದು ಕೈ ಮುಂದೆ ತಂದ. ತ್ವಾನ್ ಬಿಡದೆ ಹುಬ್ಬು ಹಾರಿಸಿದ. "ಮೊದಲನೇ ದಿನದ ಪಾಠ ಸಾರ್, ಮರೆತಿರಾ?"

ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕಾಯಿತು.

ಅದನ್ನು ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ. ಮನೆಗೆ ಬಂದು ವಿಷಯ ಹೇಳಿದಾಗ ಅಂಬುಜಮ್ಮ ಕನ್ನಡಕ ಹಾಕಿಕೊಂಡು ಪಂಚಾಂಗ ತೆರೆದರು. ಬೆರಳಿಟ್ಟು ತಿಥಿ ನೋಡಿ, "ತದಿಗೆ ಆಗತ್ತೆ ನೋಡೋ," ಎಂದರು. ಆಮೇಲೆ ಪಂಚಾಂಗ ಮಡಚಿ ಮಗನನ್ನು ನೋಡಿದರು. "ಗೋಪಾಲ, ಹಿರೇಮಗ ತನ್ನ ಜಾಗದಲ್ಲಿ ಇನ್ನೊಬ್ಬನ್ನ ನಿಲ್ಲಿಸ್ತಾನೆ ಅಂದ್ರೆ ಸುಮ್ಮನೆ ಅಲ್ಲಪ್ಪ. ನಿಮ್ಮಪ್ಪನ ತಿಥೀಲಿ ನೀನು ಯಾರನ್ನಾದ್ರೂ ಹಾಗೆ ನಿಲ್ಲಿಸ್ತಿದ್ಯಾ? ನಿನ್ನ ಮೇಲೆ ಎಷ್ಟು ವಿಶ್ವಾಸ ಇರಬೇಕು ಅವನಿಗೆ."

ನೀರಜಾ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದವಳು ಕೈ ನಿಲ್ಲಿಸಿದಳು. ಗಂಡನ ಕಡೆ ಮಾತ್ರ ನೋಡಲಿಲ್ಲ.

ಮಾರನೇ ದಿನ ಗುರುವಾರ, ವಾರದ ಕೊನೆಯ ಕೆಲಸದ ದಿನ. ರಾಜಗೋಪಾಲ ತನ್ನ ಕೋಣೆಗೂ ಹೋಗದೆ ನೆಟ್ಟಗೆ ಎಲಿಯಾಸನ ಹತ್ತಿರ ಹೋದ. ಎಲಿಯಾಸ್ ಮಂಗಳೂರಿನವನು, ದಪ್ಪ ಕನ್ನಡಕದವನು, ಇಪ್ಪತ್ತು ವರ್ಷದಿಂದ ಜನರನ್ನು ಕರೆತರುವುದು ಮತ್ತು ಕಳಿಸುವುದು ಎರಡನ್ನೂ ಒಂದೇ ಮುಖದಲ್ಲಿ ಮಾಡಿಕೊಂಡು ಬಂದವನು.

"ಆ ಫಾರ್ಮು ಬದಲಾಯಿಸ್ಬೇಕಿತ್ತು," ಎಂದ ರಾಜಗೋಪಾಲ.

"ಹೆಸರಾ?" ಎಲಿಯಾಸ್ ತಲೆಯೆತ್ತಿದ. "ಬದಲಾಯಿಸುವಾ. ಒಂದು ಗಂಟೆ ತನಕ ಟೈಮುಂಟು. ಬೇರೆ ಹೆಸರು ಕೊಡಿ. ಹೆಸರು ತೆಗೀಲಿಕ್ಕೆ ಮಾತ್ರ ಆಗುದಿಲ್ಲ, ಒಬ್ಬ ಹೋಗ್ಲೇಬೇಕು."

ಬೇರೆ ಹೆಸರು ಎಂದರೆ ಒಂದೇ. ಎಣ್ಣೆಯ ಕೈಯನ್ನೆತ್ತಿ ಮೊಣಕೈಯಿಂದ ಕಣ್ಣೊರೆಸಿಕೊಂಡವಳಿಗೆ ಅವನು ಮಾತು ಕೊಟ್ಟಾಗಿತ್ತು. "ಹೆಸರಲ್ಲ," ಎಂದ. "ಕಾರಣ."

ಎಲಿಯಾಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ನಾನು ಅವತ್ತೇ ಓದಿ ನಗಾಡಿದೆ ಮಾರಾಯ್ರೆ. ದಿನಾ ಚಾ ಹೊತ್ತಿಗೆ ನಿಮ್ಮ ಕಿವಿ ತಿನ್ನುವವನಿಗೆ ಮಾತು ಬರುದಿಲ್ಲ ಅಂತೀರಲ್ಲ. ನನ್ನ ಹೆಂಡತಿಗೆ ನಿಮ್ಮ ಮಿಸೆಸ್ ಕಳಿಸಿದ್ದು ಬಂದಿತ್ತು. ಬೋಣಿಯದ್ದು, ರಸ್ತೆ ದಾಟುವುದು. ಅದು ಯಾರ ಮಾತು ಅಂತ ನನಗೆ ಗೊತ್ತಾಗುದಿಲ್ವಾ?"

"ಹಾಗಾದ್ರೆ ಅವತ್ತೇ ಯಾಕೆ ಕೇಳ್ಲಿಲ್ಲ?"

"ನಾನು ಕೇಳುದಲ್ಲ, ಫೈಲ್ ಮಾಡುದು." ಎಲಿಯಾಸ್ ಒಂದು ಫೈಲನ್ನು ಮುಂದೆ ಎಳೆದುಕೊಂಡ. "ಒಂದು ವಿಷಯ ನಿಮಗೆ ಗೊತ್ತಿಲ್ಲ. ಮಂಗಳವಾರ ದುಕ್ಮ್ ಬಂದರಿನ ಯಾರ್ಡಿನವರು ಕೇಳಿದ್ರು, ನೀವು ತೆಗೆಯುವವರಲ್ಲಿ ಒಳ್ಳೆ ಫೋರ್‌ಮನ್ ಯಾರಾದ್ರೂ ಉಂಟಾ ಅಂತ. ಇವನ ಫೈಲು ಕಳಿಸಿದೆ. ಎಕ್ಸ್-ರೇ ರೆಕಾರ್ಡ್ ನೋಡಿ ಖುಷಿಯಾದ್ರು. ಕೊನೇ ಕಾಲಂ ಓದಿದ್ರು. ಭಾಷೆ ಬಾರದವ ನಮಗೆ ಬೇಡ ಅಂತ ಬಿಟ್ರು. ಖಲಾಸ್."

ಏ.ಸಿ. ಗೊರಗುಟ್ಟುತ್ತಿತ್ತು. ರಾಜಗೋಪಾಲ ಕುರ್ಚಿ ಎಳೆದುಕೊಂಡು ಕೂತ. ಯಾರೂ ತೂಗಿ ನೋಡಲಾರರು ಎಂದು ಅವನು ಆರಿಸಿಕೊಂಡಿದ್ದ ಸಾಲು ಅದು.

"ತಪ್ಪು ಅಂತ ಬರೆದು ಕೊಡ್ತೀನಿ," ಎಂದ.

"ಬರೀಬಹುದು. ಆದ್ರೆ ಮೊದಲು ಬರೆದದ್ದು ಸುಳ್ಳು ಅಂತ ನೀವೇ ಸಹಿ ಹಾಕಿದ ಹಾಗಾಗ್ತದೆ. ಮುಂದಿನ ಲಿಸ್ಟಲ್ಲಿ ಮ್ಯಾನೇಜರ್‌ಗಳೂ ಇದ್ದಾರೆ, ನೆನಪಿರ್ಲಿ."

"ಕಾಗದ ಕೊಡಿ."

ಅವನು ಬರೆದ. ಈ ಸಲ ಹತ್ತು ನಿಮಿಷ ಹಿಡಿಯಿತು. ಎಲಿಯಾಸ್ ಓದಿ, ಸ್ಕ್ಯಾನ್ ಮಾಡಿ, ದುಕ್ಮ್‌ಗೆ ಕಳಿಸಿದ. "ಬೇರೆ ಜನ ತಗೊಂಡಾಯ್ತಾ ಏನೋ. ನಾನು ಆಸೆ ಕೊಡುದಿಲ್ಲ," ಎಂದ. ರಾಜಗೋಪಾಲ ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಮತ್ತೆ ದನಿ ಬಂತು. "ಅವನ ಹತ್ರ ಹೇಳ್ಲಿಕ್ಕೆ ಹೋಗ್ಬೇಡಿ ಸರ್. ಭಾನುವಾರದ ತನಕ ಹೇಳ್ಬಾರ್ದು ಅಂತ ರೂಲುಂಟು."

ರಾಜಗೋಪಾಲ ಹೋಗಿಯೇ ಹೋದ.

ಮಧ್ಯಾಹ್ನದ ಊಟದ ಹೊತ್ತು. ಹುಡುಗರೆಲ್ಲ ಮೆಸ್ಸಿನಲ್ಲಿದ್ದರು. ತ್ವಾನ್ ಒಬ್ಬನೇ ಪೈಪಿನ ಸಾಲಿನ ನೆರಳಲ್ಲಿ ಕೂತು ಡಬ್ಬಿಯ ಅನ್ನ ಮುಗಿಸುತ್ತಿದ್ದ. ಮ್ಯಾನೇಜರ್ ಬರುವುದನ್ನು ಕಂಡು ಪಕ್ಕದ ಖಾಲಿ ಡ್ರಮ್ಮನ್ನು ಕೈಯಿಂದ ಒರೆಸಿ ತೋರಿಸಿದ. "ಇನ್ನೂ ಒಂದು ಹೇಳುವುದು ಉಳಿದಿತ್ತು ಸಾರ್. ಮೊದಲೇ ನಿಮ್ಮ ವಯಸ್ಸು ಕೇಳುತ್ತಾರೆ, ಬೇಸರ ಮಾಡಬೇಡಿ. ಅಣ್ಣ ಅನ್ನಬೇಕಾ, ಚಿಕ್ಕಪ್ಪ ಅನ್ನಬೇಕಾ ಅಂತ ಗೊತ್ತಾಗಬೇಕಲ್ಲ."

"ತ್ವಾನ್," ಎಂದ ರಾಜಗೋಪಾಲ. ಕೂರಲಿಲ್ಲ. "ಭಾನುವಾರ ಎಲಿಯಾಸ್ ನಿನಗೊಂದು ಕಾಗದ ಕೊಡ್ತಾರೆ. ನಿನ್ನ ಹೆಸರು ಬರೆದದ್ದು ನಾನು."

ತ್ವಾನ್ ಡಬ್ಬಿಯ ಮುಚ್ಚಳ ಹಾಕಿದ. ಒಂದು ಕಡೆ ಸರಿಯಾಗಿ ಕೂರಲಿಲ್ಲ, ಬಿಚ್ಚಿ ಮತ್ತೆ ಹಾಕಿದ. "ಗುರುವ?"

"ಅವನು ಇರ್ತಾನೆ."

"ಒಳ್ಳೆಯದು. ಅವನಿಗೆ ಮಗಳು ಸಣ್ಣವಳು."

"ಕೆಲಸದಲ್ಲಿ ನೀನು ಅವನಿಗಿಂತ ಮೇಲು. ಅದು ಗೊತ್ತಿದ್ದೇ ಬರೆದೆ." ನಿಲ್ಲಿಸಿದರೆ ಮತ್ತೆ ಬಾಯಿ ತೆರೆಯುವುದಿಲ್ಲ ಎಂದು ರಾಜಗೋಪಾಲನಿಗೆ ಗೊತ್ತಿತ್ತು. "ಕಾರಣ ಬೇಕಿತ್ತು. ನಿನಗೆ ಮಾತು ಬರೋಲ್ಲ, ಜನಕ್ಕೆ ತಿಳಿಯೋ ಹಾಗೆ ಹೇಳೋಕೆ ಬರೋಲ್ಲ ಅಂತ ಬರೆದೆ. ಅದನ್ನ ಓದಿ ದುಕ್ಮ್‌ನವರು ನಿನ್ನ ಬೇಡ ಅಂದ್ರು. ಇವತ್ತು ಅದು ಸುಳ್ಳು ಅಂತ ಬರೆದುಕೊಟ್ಟು ಬಂದೆ. ಏನಾಗತ್ತೋ ಗೊತ್ತಿಲ್ಲ."

ತ್ವಾನ್ ಒಂದು ಸಲ ನಕ್ಕ. ನಗುವೋ ಕೆಮ್ಮೋ ತಿಳಿಯುವ ಮೊದಲೇ ಅದು ನಿಂತಿತು. ಹದಿನೈದು ದಿನದಲ್ಲಿ ಅವನು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ರಾಜಗೋಪಾಲ ನೋಡಿರಲಿಲ್ಲ. ದೂರದಲ್ಲಿ ಕ್ರೇನು ಹಿಂದಕ್ಕೆ ಬರುತ್ತ ಕೀಂ ಕೀಂ ಎನ್ನುತ್ತಿತ್ತು.

"ಪೊಟ್ಟಣ ಎಲ್ಲಿ?" ತ್ವಾನ್ ಎದ್ದು ನಿಂತ.

"ಕಾರಿನಲ್ಲಿದೆ."

ಇಬ್ಬರೂ ಬಿಸಿಲಲ್ಲಿ ಪಾರ್ಕಿಂಗಿನವರೆಗೆ ನಡೆದರು. ರಾಜಗೋಪಾಲ ಡಿಕ್ಕಿ ತೆಗೆದು ಪಕ್ಕಕ್ಕೆ ಸರಿದು ನಿಂತ. ಪೂರ್ತಿ ತೆಗೆದುಕೊಂಡು ಹೋಗುತ್ತಾನೆ, ಹೋಗಲಿ, ಅದೇ ಸರಿ ಎಂದುಕೊಂಡ. ತ್ವಾನ್ ಬಾಗಿ ಹಗ್ಗದ ಗಂಟು ಬಿಚ್ಚಿದ. ಮೇಲಿದ್ದ ಲೋಬಾನದ ಡಬ್ಬಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಶಾಲನ್ನು ಸರಿಪಡಿಸಿ, ಮುಚ್ಚಿ, ಹಗ್ಗವನ್ನು ಮೊದಲಿನ ಹಾಗೇ ಬಿಗಿದು ಕಟ್ಟಿದ.

"ಇದನ್ನು ಕ್ಯಾಂಪಿನಲ್ಲಿ ನಾನೇ ಹಚ್ಚುತ್ತೇನೆ," ಎಂದ. "ವೀ‌ಸಾ ರದ್ದಾಗಿ ಹೊರಡುವುದಕ್ಕೆ ಇನ್ನೊಂದು ತಿಂಗಳಾದರೂ ಬೇಕು. ಅಪ್ಪನ ದಿನ ಇಲ್ಲೇ ಇರುತ್ತೇನೆ."

"ನಾವು ಹೋಗಬೇಕಾ?"

"ಹೋಗಿ. ಅಮ್ಮ ಪಾತ್ರೆ ಕೊಂಡಾಗಿದೆ. ಹೋಗಿ ಊಟ ಮಾಡಿ. ಅಪ್ಪನ ಹತ್ತಿರ ಮಾತ್ರ ನೀವು ಏನೂ ಹೇಳಬೇಡಿ. ನಾನು ಹೇಳಿಕೊಳ್ಳುತ್ತೇನೆ."

"ಅಮ್ಮ ಕೇಳಿದ್ರೆ?"

"ಮಗ ಚೆನ್ನಾಗಿದ್ದಾನೆ ಅನ್ನಿ. ಕೆಲಸದ ವಿಷಯ ಬೇಡ." ತ್ವಾನ್ ಪೊಟ್ಟಣವನ್ನು ಎತ್ತಿ, ಮುಂದಿನ ಬಾಗಿಲು ತೆಗೆದು, ಡ್ರೈವರ್ ಪಕ್ಕದ ಸೀಟಿನ ಮೇಲೆ ಇಟ್ಟ. "ಡಿಕ್ಕಿಯಲ್ಲಿ ಸೆಕೆ. ಹಲ್ವ ಕರಗುತ್ತದೆ."

"ತ್ವಾನ್..."

"ರೈಲಿನಲ್ಲಿ ಕಿಟಕಿ ಕಡೆ ಸೀಟು ನಿಮ್ಮ ಅಮ್ಮನಿಗೆ ಕೊಡಿ," ಎಂದು ಅವನು ಬಾಗಿಲು ಹಾಕಿದ. ತಿರುಗಿ ಯಾರ್ಡಿನ ಕಡೆ ನಡೆದ, ಜೇಬಿನ ಮೇಲೆ ಒಂದು ಕೈ ಇಟ್ಟುಕೊಂಡು.

ರಾಜಗೋಪಾಲ ಮೂರು ಗಂಟೆಗೆ ಹೊರಟ. ಗೇಟು ದಾಟಿ ಹೆದ್ದಾರಿಗೆ ಸೇರಿದ ಕೂಡಲೇ ಕಾರು ಟಿಂಗ್ ಟಿಂಗ್ ಎನ್ನತೊಡಗಿತು. ತನ್ನ ಬೆಲ್ಟನ್ನು ಮುಟ್ಟಿ ನೋಡಿಕೊಂಡ, ಹಾಕಿತ್ತು. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲವೇನೋ ಎಂದು ನೋಡಿದ, ಮುಚ್ಚಿತ್ತು. ವೇಗ ಹೆಚ್ಚಿದಂತೆ ಸದ್ದೂ ಜೋರಾಯಿತು. ಎದುರಿನ ಫಲಕದಲ್ಲಿ, ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕಿಲ್ಲ ಎನ್ನುವ ಕೆಂಪು ದೀಪ ಮಿಣುಕುತ್ತಿತ್ತು. ಪೊಟ್ಟಣದ ಭಾರಕ್ಕೆ ಕಾರು ಅಲ್ಲಿ ಯಾರೋ ಇದ್ದಾರೆ ಎಂದುಕೊಂಡಿತ್ತು. ಸುಮಾರು ದೂರ ಹಾಗೇ ಓಡಿಸಿದ. ಆಮೇಲೆ ರಸ್ತೆಯ ಬದಿಗೆ ತಂದು ನಿಲ್ಲಿಸಿ, ಆ ಕಡೆಯ ಬೆಲ್ಟನ್ನು ಎಳೆದು, ಪೊಟ್ಟಣವನ್ನು ಬಳಸಿ ತಂದು ಕೊಂಡಿಗೆ ಸಿಕ್ಕಿಸಿದ. ಲಾರಿಯೊಂದು ಪಕ್ಕದಲ್ಲೇ ಹಾದುಹೋಗಿ ಕಾರು ಒಮ್ಮೆ ಅಲುಗಿತು.